ಧುಮುಕುವ ನೀರನ್ನು ದಣಿಸಿ ಕಳಿಸಿದವರು



ನಾಲೆಯ ನೀರು ನಿಂತ ದಿವಸಗಳಲ್ಲಿ ಒಂದು ಸಲ ನಿಮ್ಮೂರ ಡ್ರಾಪಿನ ಹತ್ತಿರ ಹೋಗಿ ಬನ್ನಿ. ಡ್ರಾಪು ಅಂದರೆ ಗೊತ್ತಲ್ಲ, ನಾಲೆಯ ನೀರು ಮೇಲಿನ ಮಟ್ಟದಿಂದ ಕೆಳಗಿನ ಮಟ್ಟಕ್ಕೆ ಧುಮುಕುವ ಕಲ್ಲುಕಟ್ಟಡ. ನಾಲೆಯಿಲ್ಲದ ಊರಿನವರು ಕೆರೆಕೋಡಿಯ ಕೆಳಗೆ ನೋಡಿದರೂ ಆದೀತು. ಗೋಡೆಯ ಮೇಲುಗಡೆ ಹೂಳು ಕೂತಿರುತ್ತದೆ, ತಳ ಸಮನಾಗಿರುತ್ತದೆ. ಕೆಳಗಡೆ ಏನಿದೆ? ಒಂದು ಗುಂಡಿ. ಬೇಸಗೆಯಲ್ಲೂ ನೀರು ಬತ್ತದ, ಹುಡುಗರು ಈಜು ಕಲಿಯುವ, ಎಮ್ಮೆಗಳು ಮಲಗುವ ಗುಂಡಿ. ಅದನ್ನು ಗುದ್ದಲಿ ಹಿಡಿದು ಯಾರೂ ತೋಡಲಿಲ್ಲ. ನೀರೇ ತೋಡಿದ್ದು. ಗೋಡೆಯನ್ನು ನೀರು ಮುಂದಿನಿಂದ ನೂಕಿ ಕೆಡಹುವುದು ಅಪರೂಪ. ಬೆನ್ನ ಹಿಂದಿನ ಕಾಲಬುಡವನ್ನು ಕೆರೆದು ಕೆಡಹುವುದೇ ಹೆಚ್ಚು.

ಇದನ್ನು ನಾನು ಪುಸ್ತಕದಿಂದ ಕಲಿತವನಲ್ಲ. ಡಿಪ್ಲೊಮಾ ಓದುವಾಗ ನಮಗೆ ಬೀಜ, ಗೊಬ್ಬರ, ಕೀಟ ಇವುಗಳದೇ ಪಾಠ. ನಾಲೆ ಇಂಜಿನಿಯರುಗಳ ಪಾಲು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಊರಿಗೆ ಹೋಗಿದ್ದೆ. ಅಲ್ಲಿನ ಹಿರಿಯ ರೈತರೊಬ್ಬರು ದನದ ಕೊಟ್ಟಿಗೆಗೆ ಹೊಸದಾಗಿ ಕಲ್ಲು ಹಾಸಿಸಿದ್ದರು. ಒಳ್ಳೆಯ ದಪ್ಪ ಕಲ್ಲು. ಎಲ್ಲಿಂದ ತಂದಿರಿ ಯಜಮಾನರೇ ಎಂದರೆ, ಡ್ರಾಪಿನ ಕೆಳಗೆ ಬಿದ್ದಿದ್ದವು ಎಂದರು. "ಗೋಡೆ ಮುಟ್ಟಿಲ್ಲ ಸ್ವಾಮಿ. ಕೆಳಗೆ ಸುಮ್ನೆ ಬಿದ್ದಿದ್ ಕಲ್ಲು. ತಂದ್ರೆ ಏನಾಗ್ತದೆ?" ಅವರೊಬ್ಬರೇ ಅಲ್ಲ, ಐದಾರು ಮನೆಯವರು ಗಾಡಿಯಲ್ಲಿ ಹೇರಿ ತಂದಿದ್ದರು. ನನಗೆ ಸರಿಯಾದ ಉತ್ತರ ತಿಳಿಯಲಿಲ್ಲ. ಸರ್ಕಾರದ ಸ್ವತ್ತು, ಮುಟ್ಟಬಾರದು ಎಂದಷ್ಟೇ ಹೇಳಿ ಬಂದೆ. ಅಂಥ ಮಾತನ್ನು ಯಾರು ಕೇಳುತ್ತಾರೆ? ಎರಡನೆಯ ವರ್ಷ ಬತ್ತ ಹೊಡೆ ತುಂಬುವ ಹೊತ್ತಿಗೆ ಗೋಡೆ ಹಿಂದಕ್ಕೆ ವಾಲಿ ಬಿತ್ತು. ನಾಲೆ ನಿಲ್ಲಿಸಿದರು. ಕೊನೆಯ ಗದ್ದೆಗಳ ಬೆಳೆ ಜೊಳ್ಳಾಯಿತು. ಆ ಗದ್ದೆಗಳಲ್ಲಿ ಆ ಯಜಮಾನರ ಸ್ವಂತ ತಮ್ಮನ ಪಾಲೂ ಇತ್ತು. "ತಂದ್ರೆ ಏನಾಗ್ತದೆ" ಎಂಬ ಪ್ರಶ್ನೆಗೆ ಅಂದು ಕೊಡಲಾಗದ ಉತ್ತರವನ್ನು ಇಂದು ಹೇಳುತ್ತಿದ್ದೇನೆ. ಇದು ಬಹು ಹಳೆಯ ಪ್ರಶ್ನೆ. ರಾಜರು, ದೊಡ್ಡ ದೊಡ್ಡ ಇಂಜಿನಿಯರುಗಳು ಎಲ್ಲರೂ ಇದರ ಮುಂದೆ ಒಂದಲ್ಲ ಒಂದು ಸಲ ಎಡವಿದವರೇ.

ಮೊದಲು ಮನೆಯಲ್ಲೇ ಒಂದು ಪರೀಕ್ಷೆ ಮಾಡಿ. ನುಣ್ಣಗಿರುವ ಚಪ್ಪಡಿ ಕಲ್ಲಿನ ಮೇಲೆ ಚೊಂಬಿನಿಂದ ಒಂದೇ ಸಮನೆ ನೀರು ಸುರಿಯಿರಿ. ಬಿದ್ದ ಜಾಗದ ಸುತ್ತ ನೀರು ಗಾಜಿನ ಹಾಗೆ ತೆಳ್ಳಗೆ, ಬಹು ವೇಗವಾಗಿ ಹರಡುತ್ತದೆ. ಸ್ವಲ್ಪ ದೂರ ಹೋದಮೇಲೆ ಇದ್ದಕ್ಕಿದ್ದಂತೆ ಬಳೆಯ ಆಕಾರದಲ್ಲಿ ಮೇಲೆದ್ದು, ದಪ್ಪವಾಗಿ, ಅಲ್ಲಿಂದಾಚೆಗೆ ನಿಧಾನವಾಗಿ ಹರಿಯುತ್ತದೆ. ಪ್ರತಿ ದಿವಸ ಕಂಡರೂ ಗಮನಿಸಿರುವುದಿಲ್ಲ. ಇದಕ್ಕೆ ನೀರಿನ ನೆಗೆತ ಎಂದು ಹೆಸರಿಡೋಣ.

ಕಾಲುವೆಯಲ್ಲಿ ಹರಿಯುವ ನೀರಿಗೆ ಎರಡು ನಡೆಗಳುಂಟು. ಒಂದು ಎತ್ತಿನ ನಡೆ: ಆಳವಾಗಿ, ನಿಧಾನವಾಗಿ. ಅದರೊಳಗೆ ಕಲ್ಲೆಸೆದರೆ ಅಲೆಯ ಉಂಗುರ ಮೇಲ್ಮುಖವಾಗಿಯೂ ಹೋಗುತ್ತದೆ. ಇನ್ನೊಂದು ಹುಚ್ಚು ಕುದುರೆಯ ಓಟ: ತೆಳ್ಳಗೆ, ರಭಸವಾಗಿ. ಅಲ್ಲಿ ಎದ್ದ ಅಲೆಯೆಲ್ಲ ಕೆಳಕ್ಕೇ ಕೊಚ್ಚಿಹೋಗುತ್ತದೆ, ಒಂದೂ ಮೇಲಕ್ಕೆ ಬಾರದು. ಕಟ್ಟೆಯ ನೆತ್ತಿ ದಾಟುವಾಗ ನೀರು ಮೊದಲನೆಯ ನಡೆಯಿಂದ ಎರಡನೆಯದಕ್ಕೆ ಸದ್ದಿಲ್ಲದೆ ಬದಲಾಗುತ್ತದೆ. ಆದರೆ ಓಟದಿಂದ ನಡಿಗೆಗೆ ಮರಳುವಾಗ ಸದ್ದಿಲ್ಲದೆ ಮರಳಲಾರದು. ನೆಗೆದು, ಹೊರಳಿ, ನೊರೆ ಕಾರಿ, ಗದ್ದಲ ಮಾಡಿಯೇ ಮರಳಬೇಕು. ಆ ನೊರೆ, ಆ ಸದ್ದು, ಆ ಸುಳಿ ಎಲ್ಲವೂ ನೀರು ತನ್ನ ಶಕ್ತಿಯನ್ನು ಖರ್ಚು ಮಾಡುತ್ತಿರುವ ಗುರುತು. ಖರ್ಚು ಕಲ್ಲುಹಾಸಿನ ಮೇಲೆ ಆದರೆ ಯಾರಿಗೂ ನಷ್ಟವಿಲ್ಲ. ಬರಿ ಮಣ್ಣಿನ ಮೇಲೆ ಆದರೆ ಗುಂಡಿ. ಗುಂಡಿ ದಿನೇ ದಿನೇ ಹಿಂದಕ್ಕೆ ತಿಂದು ಗೋಡೆಯ ಬುಡಕ್ಕೆ ಬರುತ್ತದೆ.

ಎಷ್ಟು ಶಕ್ತಿ ಎಂದು ಕೇಳಬಹುದು. ಒಂದು ಅಡಿ ಎತ್ತರದಿಂದ ಬಿದ್ದ ನೀರಿಗೆ ಸೆಕೆಂಡಿಗೆ 8 ಅಡಿ ವೇಗ ಬರುತ್ತದೆ. ನಾಲ್ಕು ಅಡಿಯಿಂದ ಬಿದ್ದರೆ 16 ಅಡಿ. ನಮ್ಮ ಸಾಧಾರಣ ಮಣ್ಣಿನ ಕಾಲುವೆ ಕೊರೆಯದೆ ತಡೆದುಕೊಳ್ಳುವುದು 2-3 ಅಡಿ ವೇಗವನ್ನು ಮಾತ್ರ. ಅಷ್ಟೇ ಅಲ್ಲ, ನೀರಿನ ವೇಗ ಎರಡರಷ್ಟಾದರೆ ಅದು ಉರುಳಿಸಬಲ್ಲ ಕಲ್ಲಿನ ತೂಕ ಎರಡರಷ್ಟಲ್ಲ, 64 ಪಟ್ಟು ಆಗುತ್ತದೆಂದು ಲೆಕ್ಕ. ಪ್ರವಾಹದಲ್ಲಿ ಆಳೆತ್ತರದ ಬಂಡೆ ಹೇಗೆ ಉರುಳಿ ಬಂತು ಎಂದು ಬೆರಗಾಗುತ್ತೇವಲ್ಲ, ಗುಟ್ಟು ಇಲ್ಲಿದೆ. ಕೋಡಿಯ ಮೇಲೆ ಒಂದು ಅಡಿ ಹರಿಯುತ್ತಿದ್ದ ನೀರು ಎರಡು ಅಡಿಯಾದರೆ ನೀರಿನ ಮೊತ್ತವೂ ಎರಡರಷ್ಟು ಎಂದುಕೊಳ್ಳುತ್ತೇವೆ. ಅದೂ ತಪ್ಪು, ಸುಮಾರು 2.8 ಪಟ್ಟು ಆಗುತ್ತದೆ. ಹತ್ತು ವರ್ಷ ಅಲುಗದ ಕಲ್ಲುಹಾಸು ಹನ್ನೊಂದನೆಯ ವರ್ಷ ಒಂದೇ ರಾತ್ರಿಯಲ್ಲಿ ಎದ್ದುಹೋಗುವುದು ಇದರಿಂದಲೇ.

ನಮ್ಮ ಹಿಂದಿನವರು ಈ ಲೆಕ್ಕ ಬರೆದಿಡಲಿಲ್ಲ. ಆದರೆ ಕೆಲಸ ಬಲ್ಲವರಾಗಿದ್ದರು. ಶ್ರೀರಂಗಪಟ್ಟಣದ ಹತ್ತಿರ ಕಾವೇರಿಗೆ ಅಡ್ಡಲಾಗಿ ಹಳೆಯ ಕಟ್ಟೆಗಳಿವೆ. ಕಂಠೀರವ ನರಸರಾಜ ಒಡೆಯರ ಕಾಲದ್ದೆನ್ನುವ ಬಂಗಾರದೊಡ್ಡಿ ನಾಲೆ, ಚಿಕ್ಕದೇವರಾಜ ಒಡೆಯರ ಹೆಸರಿನ ನಾಲೆ, ಇವೆಲ್ಲ ಅಂಥ ಕಟ್ಟೆಗಳಿಂದ ಹೊರಟವು. 17ನೆಯ ಶತಮಾನದ ಮಾತು. ಹಂಪೆಯ ಸುತ್ತ ತುಂಗಭದ್ರೆಗೆ ಹಾಕಿದ ವಿಜಯನಗರದ ಕಟ್ಟೆಗಳು ಇನ್ನೂ ಹಳೆಯವು. ಇವು ನೂಲು ಹಿಡಿದ ಹಾಗೆ ನೆಟ್ಟಗಿಲ್ಲ. ಹೊಳೆಯೊಳಗಿನ ಬಂಡೆಯಿಂದ ಬಂಡೆಗೆ ಓರೆಯಾಗಿ, ಡೊಂಕಾಗಿ ಹೋಗುತ್ತವೆ. ಹಿಂಬದಿಗೆ ಉರುಟು ಕಲ್ಲುಗಳ ಇಳಿಜಾರು. ನೀರು ಒಂದೇ ಏಟಿಗೆ ಬೀಳುವುದಿಲ್ಲ. ಕಲ್ಲಿಗೆ ತಾಗಿ, ಸಂದಿಯಲ್ಲಿ ನುಸುಳಿ, ತಡವರಿಸುತ್ತ ಇಳಿಯುತ್ತದೆ. ನೋಡುವವರಿಗೆ ಒರಟು ಕೆಲಸ. ಆ ಒರಟುತನದಲ್ಲೇ ಬುದ್ಧಿಯಿದೆ.

ಕಾವೇರಿಯ ಜತೆಗೇ ಕೆಳಕ್ಕೆ ಹೋದರೆ ತಮಿಳುನಾಡಿನ ತಿರುಚಿರಾಪಳ್ಳಿಯ ಬಳಿ ಕಲ್ಲಣೈ ಸಿಗುತ್ತದೆ. ಕರಿಕಾಲ ಚೋಳ ಕಟ್ಟಿಸಿದನೆಂದು ಪ್ರತೀತಿ. ಹತ್ತಿರಹತ್ತಿರ ಎರಡು ಸಾವಿರ ವರ್ಷದ ಹಿಂದಿನದು. ಸುಮಾರು 1080 ಅಡಿ ಉದ್ದ, 40ರಿಂದ 60 ಅಡಿ ಅಗಲ. ನಮ್ಮ ಕಡೆ ಹೊಳೆಯ ತಳದಲ್ಲಿ ಬಂಡೆ ಸಿಗುತ್ತದೆ. ಅಲ್ಲಿ ಬರಿ ಮರಳು, ಎಷ್ಟು ಅಗೆದರೂ ಮರಳು. ಮರಳಿನ ಮೇಲೆ ಕಲ್ಲಿನ ಕಟ್ಟೆ ನಿಲ್ಲುವುದು ಹೇಗೆ? 19ನೆಯ ಶತಮಾನದಲ್ಲಿ ಆರ್ಥರ್ ಕಾಟನ್ ಎಂಬ ಇಂಗ್ಲಿಷ್ ಇಂಜಿನಿಯರು ಈ ಕಟ್ಟೆಯನ್ನು ನೋಡಿ ಆ ವಿದ್ಯೆ ಕಲಿತೆನೆಂದು ತಾನೇ ಒಪ್ಪಿಕೊಂಡ. ವಿದ್ಯೆ ಇಷ್ಟೇ. ಮರಳಿನ ಮೇಲೆ ದೊಡ್ಡ ಕಲ್ಲು ಹಾಕು. ನೀರು ಅದರ ಸುತ್ತ ಕೆರೆಯುತ್ತದೆ, ಕಲ್ಲು ಹೂತುಹೋಗುತ್ತದೆ. ಅದರ ಮೇಲೆ ಮತ್ತೆ ಕಲ್ಲು ಹಾಕು. ಅದೂ ಹೂತೀತು, ಮತ್ತೆ ಹಾಕು. ಒಂದು ಆಳಕ್ಕೆ ಹೋದಮೇಲೆ ನೀರಿನ ಕೆರೆತ ಅಲ್ಲಿಗೆ ಮುಟ್ಟುವುದಿಲ್ಲ, ಕಲ್ಲು ನಿಲ್ಲುತ್ತದೆ. ಕೆಡಹಲು ಬಂದ ನೀರಿನಿಂದಲೇ ತಳಪಾಯ ತೋಡಿಸಿಕೊಳ್ಳುವುದು! ಆದ್ದರಿಂದ ಡ್ರಾಪಿನ ಕೆಳಗೆ ಹಾಕಿದ ಕಲ್ಲು ಹೂತುಹೋಯಿತೆಂದರೆ ಕೆಲಸ ಕೆಟ್ಟಿತೆಂದು ಕೊರಗಬೇಕಾಗಿಲ್ಲ. ಅದು ತನ್ನ ಕೆಲಸಕ್ಕೆ ಹೋಗಿದೆ.

ಕಾಟನ್ 1836ರಲ್ಲಿ ಅದೇ ಪ್ರಾಂತದ ಮುಕ್ಕೊಂಬುವಿನಲ್ಲಿ ಕೊಳ್ಳಿಡಂ ಶಾಖೆಗೆ ಮೇಲಣೆ ಕಟ್ಟಿಸಿದ. ಕಾವೇರಿ ಶಾಖೆಗೆ ನೀರು ಸಾಲದೆಂಬ ದೂರು ತೀರಿತು. ಆದರೆ ನೀರು ಹೆಚ್ಚಿ ಕಾವೇರಿಯ ತಳವೇ ಕೊರೆಯತೊಡಗಿತು. 1840ರ ದಶಕದಲ್ಲಿ ಅದಕ್ಕೂ ತಳದಲ್ಲಿ ಅಡ್ಡಕಟ್ಟೆ ಹಾಕಬೇಕಾಯಿತು. ಒಂದು ಕಡೆ ಕೈಹಾಕಿದರೆ ಹೊಳೆ ಇನ್ನೊಂದು ಕಡೆ ಉತ್ತರ ಕೊಡುತ್ತದೆ.

ಇನ್ನು ಉತ್ತರ ದೇಶದ ಗಂಗಾ ಕಾಲುವೆಯ ಕಥೆ. ಇದನ್ನು ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ, ನಮಗೆ ಬೇಕಾದ ಪಾಠ ಇರುವುದು ಇಲ್ಲೇ. 1837-38ರಲ್ಲಿ ಗಂಗಾ ಯಮುನೆಗಳ ನಡುವಣ ನಾಡಿನಲ್ಲಿ ಘೋರ ಕ್ಷಾಮ ಬಂದು ಲಕ್ಷಾಂತರ ಜನ ಸತ್ತರು. ಆಮೇಲೆ ಪ್ರಾಬಿ ಕಾಟ್ಲಿ ಎಂಬ ಇಂಜಿನಿಯರು ಹರಿದ್ವಾರದಿಂದ ದೊಡ್ಡ ಕಾಲುವೆ ತೆಗೆಯುವ ಯೋಜನೆ ಹಾಕಿ, 1842ರಲ್ಲಿ ಕೆಲಸ ಶುರುಮಾಡಿ, 1854ರ ಏಪ್ರಿಲ್‌ನಲ್ಲಿ ನೀರು ಬಿಟ್ಟ. ರೂರ್ಕಿಯ ಬಳಿ ಸೋಲಾನಿ ನದಿಯ ಮೇಲೆ ಸೇತುವೆ ಕಟ್ಟಿ ಅದರ ಮೇಲೆ ಇಡೀ ಕಾಲುವೆಯನ್ನು ಹಾಯಿಸಿದ ಸಾಹಸ ಇಂದಿಗೂ ನೋಡತಕ್ಕದ್ದು. ಅಷ್ಟು ದೊಡ್ಡ ಕಾಲುವೆ ತೆಗೆದು ಅನುಭವವಿದ್ದವರು ಆಗ ಯಾರೂ ಇರಲಿಲ್ಲ.

ಅಲ್ಲಿ ನೆಲದ ಇಳಿಜಾರು ಕಾಲುವೆ ತಡೆಯುವುದಕ್ಕಿಂತ ಹೆಚ್ಚು. ಆದ್ದರಿಂದ ಅಲ್ಲಲ್ಲಿ ಡ್ರಾಪು ಕಟ್ಟಬೇಕಾಯಿತು. ಕಾಟ್ಲಿ ಯೋಚಿಸಿದ: ನೀರು ಧೊಪ್ಪನೆ ಬಿದ್ದರೆ ತಳಕ್ಕೆ ಪೆಟ್ಟು, ಹಂಸದ ಕತ್ತಿನ ಹಾಗೆ ನಯವಾಗಿ ಬಾಗಿದ ಜಾರುಗೋಡೆ ಕಟ್ಟಿದರೆ ನೀರು ಪೆಟ್ಟಿಲ್ಲದೆ ಮೆಲ್ಲಗೆ ಜಾರಿ ಇಳಿದೀತು. ಕೇಳಿದರೆ ಯಾರಿಗೂ ಸರಿಯೆನಿಸುವ ಮಾತು. ನನ್ನನ್ನು ಕೇಳಿದ್ದರೆ ನಾನೂ ಹಾಗೇ ಕಟ್ಟಿಸುತ್ತಿದ್ದೆ! ಆದದ್ದೇ ಬೇರೆ. ನಯವಾದ ಜಾರಿನಲ್ಲಿ ನೀರಿನ ಶಕ್ತಿ ಎಲ್ಲಿಯೂ ಖರ್ಚಾಗಲಿಲ್ಲ. ಬೀಳುವಾಗ ಬಂದ ವೇಗವನ್ನೆಲ್ಲ ಗಂಟು ಕಟ್ಟಿಕೊಂಡು ಕೆಳಗಿನ ಮಣ್ಣಿನ ಕಾಲುವೆಗೆ ನುಗ್ಗಿತು. ಡ್ರಾಪುಗಳ ಕೆಳಗೆ ತಳ ಕೊರೆಯಿತು, ದಡ ಕುಸಿಯಿತು. ನೆತ್ತಿಯ ಮೇಲೂ ತಡೆಯಿಲ್ಲದ್ದರಿಂದ ನೀರು ಮುಂಚಿತವಾಗಿಯೇ ವೇಗ ಹಿಡಿದು ಮೇಲುಭಾಗದ ತಳವನ್ನೂ ಎಳೆಯಿತು. 1860ರ ದಶಕದಲ್ಲಿ ಕಾಟನ್ ಈ ಕಾಲುವೆಯ ತಪ್ಪುಗಳನ್ನು ಬಹಿರಂಗವಾಗಿ ಟೀಕಿಸಿದ. ಕಾಟ್ಲಿ ಉತ್ತರ ಕೊಟ್ಟ. ಇಬ್ಬರ ಜಗಳ ಹೊತ್ತಗೆಗಳಲ್ಲಿ ಅಚ್ಚಾಯಿತು. ಜಗಳ ಏನೇ ಇರಲಿ, ದುರಸ್ತಿ ಮಾತ್ರ ನಡೆಯಲೇಬೇಕಾಯಿತು. ನೆತ್ತಿಗಳನ್ನು ಎತ್ತರಿಸಿದರು, ಜಾರುಗೋಡೆಗಳನ್ನು ಹಲವು ಕಡೆ ಮಾರ್ಪಡಿಸಿದರು. ಮುಂದೆ ಪಂಜಾಬಿನ ಕಾಲುವೆಗಳಲ್ಲಿ ದುಂಡುಗಲ್ಲು ಹಾಸಿದ ಉದ್ದನೆಯ ಒರಟು ಇಳಿಜಾರುಗಳನ್ನು ಮಾಡಿದರು. ಬೇರೆ ಕಡೆ ನೆಟ್ಟನೆ ಗೋಡೆ ಕಟ್ಟಿ, ಬುಡದಲ್ಲಿ ಕಲ್ಲಿನ ತೊಟ್ಟಿ ಮಾಡಿ, ಅದರಲ್ಲಿ ನೀರು ನಿಲ್ಲಿಸಿದರು. ಬೀಳುವ ನೀರು ನಿಂತ ನೀರಿನೊಳಕ್ಕೆ ಬಿದ್ದು ಅಲ್ಲೇ ಒದ್ದಾಡಿ ದಣಿಯುತ್ತದೆ. ಧೊಪ್ಪನೆ ಬೀಳುವುದೇ ಕೆಟ್ಟದ್ದೆಂದು ಹೊರಟವರು ಕಡೆಗೆ ಬಂದು ನಿಂತದ್ದು ಅಲ್ಲಿಗೇ. ನಮ್ಮ ಕಟ್ಟೆಗಳ ಉರುಟು ಕಲ್ಲು ಮಾಡುತ್ತಿದ್ದ ಕೆಲಸವೂ ಅದೇ ಅಲ್ಲವೇ?

ವಿಚಿತ್ರವೆಂದರೆ ನೀರಿನ ನೆಗೆತ ಆಗಲೇ ಕಾಗದದ ಮೇಲೆ ಇತ್ತು. ಇಟಲಿಯ ಟ್ಯೂರಿನ್ ನಗರದಲ್ಲಿ ಬಿಡೋನೆ ಎಂಬಾತ 1818ರಲ್ಲೇ ಚಿಕ್ಕ ಕಾಲುವೆಯೊಂದರಲ್ಲಿ ಅದನ್ನು ಅಳೆದಿದ್ದ. ಅದನ್ನು ಬೇಕೆಂದೇ ಕೂಲಿಗೆ ಹಚ್ಚಿ ದುಡಿಸಿಕೊಳ್ಳಲು ಇನ್ನೂ ನೂರು ವರ್ಷ ಬೇಕಾಯಿತು. 1913ರ ಮಾರ್ಚಿನಲ್ಲಿ ಅಮೆರಿಕದ ಒಹೈಯೊ ಪ್ರಾಂತದ ಡೇಟನ್ ನಗರ ಪ್ರವಾಹದಲ್ಲಿ ಮುಳುಗಿ, ಆ ಸುತ್ತಿನಲ್ಲಿ ಮುನ್ನೂರಕ್ಕೂ ಹೆಚ್ಚು ಜನ ಸತ್ತರು. ಅಲ್ಲಿನವರು ಹಣ ಕೂಡಿಸಿ, 1922ರ ಹೊತ್ತಿಗೆ ಮಣ್ಣಿನ ಐದು ಅಣೆಕಟ್ಟುಗಳನ್ನು ಕಟ್ಟಿ ಮುಗಿಸಿದರು. ತೂಬಿನಿಂದ ನುಗ್ಗುವ ನೀರು ಕಟ್ಟೆಯ ಬುಡವನ್ನು ತಿನ್ನಬಾರದಲ್ಲ? ಮಾದರಿಗಳಲ್ಲಿ ಪರೀಕ್ಷೆ ಮಾಡಿ, ನೆಗೆತ ಕಾಂಕ್ರೀಟು ತೊಟ್ಟಿಯೊಳಗೇ ಆಗುವಂತೆ ಅಳತೆ ಗೊತ್ತುಮಾಡಿದರು. ಇಂದು ದೊಡ್ಡ ಅಣೆಕಟ್ಟುಗಳ ಬುಡದಲ್ಲಿ ಬಿಳಿ ನೊರೆಯ ಮಡು ಕಂಡು ಜನ ಫೋಟೋ ತೆಗೆಯುತ್ತಾರಲ್ಲ, ಅದು ಅಂದಕ್ಕೆ ಮಾಡಿದ್ದಲ್ಲ, ನೀರನ್ನು ದಣಿಸುವ ಅಂಗಳ.

ನೀರು ಮೇಲಿನಿಂದ ಮಾತ್ರ ಬರುತ್ತದೆಂದೂ ತಿಳಿಯಬಾರದು. ಗದ್ದೆಯ ಬದುವಿನಲ್ಲಿ ಏಡಿಬಿಲ ಬಿದ್ದರೆ ಏನಾಗುತ್ತದೆಂದು ನಿಮಗೆ ನಾನು ಹೇಳಬೇಕಾಗಿಲ್ಲ. 1898ರಲ್ಲಿ ಗಂಗೆಗೆ ನರೋರಾ ಎಂಬಲ್ಲಿ ಹಾಕಿದ್ದ ಕಟ್ಟೆ ಇದೇ ಬಗೆಯಲ್ಲಿ ಹಾಳಾಯಿತು: ಮರಳಿನೊಳಗೆ ಅಡಿಯಿಂದ ನುಸುಳಿದ ನೀರು ಕಟ್ಟೆಯ ನೆಲಹಾಸನ್ನೇ ಮೇಲಕ್ಕೆತ್ತಿತು. ನಮ್ಮ ದೇಶದ ಇಂಜಿನಿಯರು ಖೋಸ್ಲಾ ಅವರೂ ಸಂಗಡಿಗರೂ 1936ರಲ್ಲಿ ಇದರ ಲೆಕ್ಕ ಬಿಡಿಸಿ, ಕಲ್ಲುಹಾಸಿನ ಕೊನೆಯ ಅಂಚಿನಲ್ಲಿ ಆಳಕ್ಕೆ ಇಳಿದ ತಡೆಗೋಡೆ ಇರಲೇಬೇಕೆಂದು ತೋರಿಸಿಕೊಟ್ಟರು. ನಿಮ್ಮ ಡ್ರಾಪಿನ ಕಲ್ಲುಹಾಸು ಮುಗಿಯುವ ಕಡೆ ನೆಲದೊಳಕ್ಕೆ ಹೂತ ಒಂದು ಸಾಲು ಕಲ್ಲು ಇರುತ್ತದೆ. ದಂಡವೆಂದು ಅದನ್ನು ಕಿತ್ತವರುಂಟು.

ಇದೆಲ್ಲ ಹಳೆಯ ಕಾಲದ ಮಾತು ಎನ್ನಬೇಡಿ. 2018ರ ಆಗಸ್ಟ್ ತಿಂಗಳು ನೆನಪಿರಬೇಕು. ಕೊಡಗಿನಲ್ಲಿ ಗುಡ್ಡ ಜರಿದ ವರ್ಷ. ಕನ್ನಂಬಾಡಿ, ಕಬಿನಿ ಎರಡೂ ತುಂಬಿ ನೀರು ಬಿಟ್ಟಿದ್ದರು. ಆ ನೀರು ಹೋಗಿ ಸೇರುವುದು ಮುಕ್ಕೊಂಬುವಿಗೇ. 22ನೆಯ ತಾರೀಖು ರಾತ್ರಿ ಕೊಳ್ಳಿಡಂ ಕಡೆಯ ಮೇಲಣೆಯ ಒಂಬತ್ತು ಗೇಟುಗಳು ಕಂಬಗಳ ಸಮೇತ ಕುಸಿದು ಕೊಚ್ಚಿಹೋದವು. 182 ವರ್ಷ ನಿಂತಿದ್ದ ಕಟ್ಟೆ. ಆಮೇಲೆ ಹೊಸ ಕಟ್ಟಡವನ್ನೇ ಕಟ್ಟಬೇಕಾಯಿತು. ಕಟ್ಟಡಕ್ಕೆ ವಯಸ್ಸಾಗಿದ್ದುದು ನಿಜ. ಹೊಳೆಯಿಂದ ಮಿತಿಮೀರಿ ಮರಳು ತೆಗೆದದ್ದೂ ಕಾರಣವೆಂದು ಅಲ್ಲಿನ ರೈತರು ದೂರಿದರು. ಅಲ್ಲಿ ಯಾವುದಕ್ಕೆ ಎಷ್ಟು ಪಾಲು ಎಂದು ತೀರ್ಪು ಕೊಡುವುದು ನನ್ನ ಕೆಲಸವಲ್ಲ. ಆದರೆ ಮರಳಿಗೂ ಕಟ್ಟೆಗೂ ಇರುವ ಸಂಬಂಧ ಹೇಳಬಲ್ಲೆ.

ಹೊಳೆಯಲ್ಲಿ ಮೊಣಕಾಲುದ್ದ ನೀರಿನಲ್ಲಿ ನಿಂತರೆ ಅಂಗಾಲಿನ ಕೆಳಗಿನ ಮರಳು ಜಾರಿ ಜಾರಿ ಹೋಗುತ್ತದಲ್ಲವೇ? ಸೇತುವೆಯ ಕಂಬಕ್ಕೂ ಹಾಗೇ. ಎದುರು ಬಂದ ನೀರು ಕಂಬದ ಮೂಗಿಗೆ ಬಡಿದು ಕೆಳಮುಖವಾಗಿ ಇಳಿದು, ಲಾಳದ ಆಕಾರದಲ್ಲಿ ಸುಳಿ ಸುತ್ತಿ ಬುಡ ಕೆರೆಯುತ್ತದೆ. ಆ ಗುಂಡಿಯನ್ನು ಮೇಲಿನಿಂದ ಬಂದ ಮರಳು ಅಷ್ಟಿಷ್ಟು ತುಂಬುತ್ತಿರಬೇಕು. ಮರಳನ್ನೆಲ್ಲ ಲಾರಿಯಲ್ಲಿ ಸಾಗಿಸಿದರೆ ತುಂಬುವವರಾರು? ಇನ್ನೊಂದು ಸಂಗತಿ. ಚೆಕ್‌ಡ್ಯಾಮಿನ ಕೆಳಗೆ ಹಳ್ಳದ ಮರಳು ತೆಗೆದರೆ ತಳ ತಗ್ಗುತ್ತದೆ, ಅಲ್ಲಿ ನಿಲ್ಲುತ್ತಿದ್ದ ನೀರಿನ ಮಟ್ಟವೂ ತಗ್ಗುತ್ತದೆ. ಆ ನಿಂತ ನೀರೇ ಓಡುವ ನೀರಿಗೆ ಎದುರು ನಿಂತು ನೆಗೆತವನ್ನು ಕಲ್ಲುಹಾಸಿನ ಮೇಲೆ ಹಿಡಿದಿಡುವುದು. ಮಟ್ಟ ತಗ್ಗಿದರೆ ನೆಗೆತ ಕಲ್ಲುಹಾಸು ದಾಟಿ ಮಣ್ಣಿನ ಮೇಲಕ್ಕೆ ಜಾರುತ್ತದೆ. ಕಟ್ಟೆಯ ಒಂದು ಕಲ್ಲನ್ನೂ ಯಾರೂ ಮುಟ್ಟಿಲ್ಲ, ಆದರೂ ಕಟ್ಟೆಗೆ ಕುತ್ತು.

ಆದ್ದರಿಂದ ನೀರು ಹರಿಯುತ್ತಿರುವಾಗಲೇ ನಿಮ್ಮ ಡ್ರಾಪಿನ ಹತ್ತಿರ ಒಂದು ಗಳಿಗೆ ನಿಂತು ನೊರೆ ಎಲ್ಲಿ ಏಳುತ್ತಿದೆ ನೋಡಿ. ಹಾಸಿನ ಮೇಲೆ ಎದ್ದರೆ ಸರಿ. ಹಾಸಿನ ಮೇಲೆ ನೀರು ಕನ್ನಡಿಯ ಹಾಗೆ ಸದ್ದಿಲ್ಲದೆ ಓಡಿ, ಆಚೆ ಮಣ್ಣಿನ ಮೇಲೆ ನೊರೆಯೇಳುತ್ತಿದ್ದರೆ ಆ ಕಟ್ಟಡಕ್ಕೆ ಕಾಯಿಲೆ ಹತ್ತಿದೆ. ಆ ದಿವಸವೇ ನೀರುಗಂಟಿಗೆ ತಿಳಿಸಿ, ನೀರು ಬಳಕೆದಾರರ ಸಂಘವಿದ್ದರೆ ಅದರ ಮೂಲಕ ಇಂಜಿನಿಯರಿಗೆ ಬರೆದುಕೊಡಿ. ನಾಲೆ ನಿಂತಮೇಲೆ ಒಂದು ಉದ್ದ ಗಳ ಹಿಡಿದು ಗುಂಡಿಯ ಆಳ ಅಳೆದು, ಗೋಡೆಯಿಂದ ಎಷ್ಟು ಮಾರು ದೂರವಿದೆಯೆಂದು ಗುರುತು ಹಾಕಿಕೊಳ್ಳಿ. ಮುಂದಿನ ವರ್ಷ ಅದು ಗೋಡೆಯ ಕಡೆಗೆ ಸರಿದಿದೆಯೇ ಎಂದು ಆಗ ತಿಳಿದೀತು. ನಿಮ್ಮ ಸ್ವಂತ ಗದ್ದೆಗಾಲುವೆಯಲ್ಲಿ ನೀರು ಒಂದು ಮಡಿಯಿಂದ ಇನ್ನೊಂದಕ್ಕೆ ಬೀಳುವ ಕಡೆಯೂ ಇದೇ ಆಟ ಸಣ್ಣದಾಗಿ ನಡೆಯುತ್ತಿರುತ್ತದೆ. ಅಲ್ಲಿ ಬೀಳುವ ಜಾಗಕ್ಕೆ ನಾಲ್ಕು ಒರಟು ಕಲ್ಲು ಒಟ್ಟಿದರೆ ಸಾಕು. ನುಣುಪಾದ ಚಪ್ಪಡಿ ಬೇಡ. ಅದು ಕಾಟ್ಲಿಯ ಜಾರುಗೋಡೆಯ ತಮ್ಮ.

ಮೊದಲು ಹೇಳಿದ ಆ ಊರಿಗೆ ಹೋದ ವರ್ಷ ಮತ್ತೆ ಹೋಗಿದ್ದೆ. ಗೋಡೆಯನ್ನು ಎಂದೋ ಹೊಸದಾಗಿ ಕಟ್ಟಿದ್ದಾರೆ. ನೊರೆ ಹಾಸಿನ ಮೇಲೇ ಏಳುತ್ತಿತ್ತು. ಆ ಯಜಮಾನರು ಕೊಟ್ಟಿಗೆ ತೋರಿಸಿದರು. ಅರ್ಧ ನೆಲ ಮತ್ತೆ ಮಣ್ಣಾಗಿತ್ತು. "ಹೇರಿಕೊಂಡು ಹೋಗಿ ಹಾಕಿ ಬಂದೆವು ಸ್ವಾಮಿ. ಇನ್ನು ಎರಡು ಗಾಡಿ ಅಯ್ತೆ. ಈ ಸಲ ನಾಲೆ ನಿಂತಾಗ ಅದನ್ನೂ ಹಾಕ್ತೀವಿ" ಎಂದರು. ಗಾಡಿಯನ್ನು ತಮ್ಮನೇ ಹೂಡಿಕೊಂಡು ಬರುತ್ತೇನೆಂದಿದ್ದಾನಂತೆ.